ಪಾಠ ಪುಸ್ತಕ ಕೊಡುವ ಮೊದಲು



ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಪ್ರಕಟಣೆ ತಪ್ಪದೆ ಕೇಳಿಬರುತ್ತದೆ. ಬಲಿಪೂಜೆ ಮುಗಿಯುವ ಹೊತ್ತಿಗೆ ಗುರುಗಳು, "ಬರುವ ಭಾನುವಾರದಿಂದ ಮಕ್ಕಳ ಧರ್ಮೋಪದೇಶದ ತರಗತಿಗಳು ಆರಂಭ. ಪಾಠ ಹೇಳಲು ಮನಸ್ಸಿದ್ದವರು ಹೆಸರು ಕೊಡಿ" ಎನ್ನುತ್ತಾರೆ. ಕೈ ಎತ್ತುವವರು ಕಡಿಮೆ. ಕೊನೆಗೆ ಪಿಯುಸಿ ಮುಗಿಸಿ ಮನೆಯಲ್ಲಿರುವ ಒಬ್ಬ ಹುಡುಗಿ, ನಿವೃತ್ತರಾದ ಒಬ್ಬ ಮಾಸ್ತರರು, ಕಾನ್ವೆಂಟಿನ ಇಬ್ಬರು ಸಿಸ್ಟರು, ಹೀಗೆ ನಾಲ್ಕಾರು ಮಂದಿ ಸಿಗುತ್ತಾರೆ. ಒಂದು ಬೆಳಿಗ್ಗೆ ಸಭೆ ಸೇರಿ, ಚಹಾ ಬಿಸ್ಕತ್ತಿನ ನಡುವೆ ಯಾರಿಗೆ ಮೂರನೆಯ ತರಗತಿ, ಯಾರಿಗೆ ಪ್ರಥಮ ಪರಮಪ್ರಸಾದದ ಮಕ್ಕಳು ಎಂದು ಹಂಚಿಕೆಯಾಗುತ್ತದೆ. ಕೈಗೆ ಒಂದು ಪಾಠ ಪುಸ್ತಕ, ಒಂದು ಡಬ್ಬಿ ಸೀಮೆಸುಣ್ಣ. ತರಬೇತಿ ಮುಗಿಯಿತು.

ಈ ನಾಲ್ಕಾರು ಮಂದಿಯ ಬಗ್ಗೆ ಹಗುರವಾಗಿ ಮಾತಾಡುವ ಉದ್ದೇಶ ಇಲ್ಲಿಲ್ಲ. ಸಂಬಳವಿಲ್ಲದೆ, ಹೊಗಳಿಕೆಯಿಲ್ಲದೆ ವರ್ಷಗಟ್ಟಲೆ ಭಾನುವಾರಗಳನ್ನು ಕೊಟ್ಟವರು ಅವರು. ಆದರೆ ಒಂದು ಮಾತು ಯೋಚಿಸಿ ನೋಡಿ. ಬಟ್ಟೆ ಹೊಲಿಯುವವನು ಕೂಡ ಕೆಲಸ ಕಲಿಯಲು ಬಂದ ಹುಡುಗನಿಗೆ ಮೊದಲ ದಿನವೇ ಗಿರಾಕಿಯ ಹೊಸ ಬಟ್ಟೆಗೆ ಕತ್ತರಿ ಹಾಕಲು ಬಿಡುವುದಿಲ್ಲ. ತಿಂಗಳುಗಟ್ಟಲೆ ಗುಂಡಿ ಹಚ್ಚಿಸಿ, ಕಾಜಾ ಮಾಡಿಸಿ, ಆಮೇಲೆ ಕತ್ತರಿ. ಎಂಟು ವರ್ಷದ ಮಗುವಿನ ವಿಶ್ವಾಸವನ್ನು ಮಾತ್ರ ನಾವು ಒಂದು ಬೆಳಗಿನ ಸಭೆಯ ಮೇಲೆ ಒಪ್ಪಿಸಿಬಿಡುತ್ತೇವೆ.

ಇದರ ಫಲ ನಿಮಗೆ ಗೊತ್ತಿದೆ. ದೃಢೀಕರಣದ ಸಂಸ್ಕಾರವಾದ ಮರುವರ್ಷವೇ ಹುಡುಗರು ದೇವಾಲಯದ ಹಿಂಬದಿಗೆ ಸರಿಯುತ್ತಾರೆ. ಇನ್ನೊಂದು ವರ್ಷಕ್ಕೆ ಹೊರಗಿನ ಕಟ್ಟೆಗೆ. ಆಮೇಲೆ ಕ್ರಿಸ್ಮಸ್ಸಿಗೆ ಬಂದರೆ ಪುಣ್ಯ. ಮೊಬೈಲು ಕೆಡಿಸಿತು, ಟ್ಯೂಷನ್ ಕೆಡಿಸಿತು, ಗೆಳೆಯರು ಕೆಡಿಸಿದರು ಎಂದು ತಂದೆತಾಯಿಗಳು ಹೇಳುತ್ತಾರೆ. ಇರಬಹುದು. ಆದರೆ ಎಂಟು ವರ್ಷ ಭಾನುವಾರದ ತರಗತಿಯಲ್ಲಿ ಕುಳಿತ ಆ ಹುಡುಗನನ್ನು ಯಾರಾದರೂ ಒಮ್ಮೆಯಾದರೂ, "ನಿನಗೆ ಏನನಿಸುತ್ತದೆ?" ಎಂದು ಕೇಳಿದ್ದರೇ? ಎಂಟು ವರ್ಷ ಅವನು ನಮ್ಮ ಪ್ರಶ್ನೆಗಳಿಗೆ ಪುಸ್ತಕದ ಉತ್ತರ ಕೊಟ್ಟ. ಅವನ ಪ್ರಶ್ನೆ ಅವನಲ್ಲೇ ಉಳಿಯಿತು.

ಹಾಗಾದರೆ ಮಕ್ಕಳ, ಯುವಜನರ ನಡುವೆ ಸೇವೆಗೆ ಹೊರಡುವವರಿಗೆ ಮೊದಲು ಕಲಿಸಬೇಕಾದದ್ದು ಏನು? ಇದಕ್ಕೆ ಉತ್ತರ ಹುಡುಕುತ್ತಾ ನಿಮ್ಮನ್ನು ಒಂದು ಹಳ್ಳಿಗೆ ಕರೆದುಕೊಂಡು ಹೋಗುತ್ತೇನೆ. ವಿಜಯಪುರ ಜಿಲ್ಲೆಯಲ್ಲಿ, ಇಂಡಿ ಸೀಮೆಯಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರ ಹಲಸಂಗಿ ಎಂಬ ಊರಿದೆ. ಕನ್ನಡ ಓದಿದವರಿಗೆ ಈ ಹೆಸರು ಹೊಸದಲ್ಲ. 1920ರ ದಶಕದಲ್ಲಿ ಅಲ್ಲಿ ಕೆಲವು ತರುಣರು ಒಟ್ಟುಗೂಡಿದರು. ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ, ಶಾಲಾ ಮಾಸ್ತರರಾಗಿದ್ದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ. ನಾಡು ಇವರನ್ನು ಹಲಸಂಗಿ ಗೆಳೆಯರು ಎಂದೇ ಕರೆಯಿತು. ಇವರು ಯಾರೂ ಕ್ರೈಸ್ತರಲ್ಲ, ಉಪದೇಶಿಗಳೂ ಅಲ್ಲ. ಆದರೂ ಉಪದೇಶಿಯ ಕೆಲಸಕ್ಕೆ ಬೇಕಾದ ಒಂದು ಗುಣವನ್ನು ಇವರಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ.

ಅವರು ಮಾಡಿದ್ದು ಇಷ್ಟೇ. ಬೆಳಗಿನ ಜಾವ ಹಿಟ್ಟು ಬೀಸುವಾಗ, ಕಾಳು ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಳ್ಳಿಯ ಹೆಂಗಸರು ಹಾಡುತ್ತಿದ್ದ ಹಾಡುಗಳಿಗೆ ಕಿವಿಗೊಟ್ಟರು, ಕೇಳಿದ್ದನ್ನು ಬರೆದಿಟ್ಟುಕೊಂಡರು. ಅಕ್ಷರ ಬಾರದ ಹೆಂಗಸರ ಹಾಡಿನಲ್ಲಿ ಏನಿದ್ದೀತು ಎಂದು ಓದಿದವರು ಮೂಗು ಮುರಿಯುತ್ತಿದ್ದ ಕಾಲವದು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಗಿ ಹೊರಬಂದಾಗ ಕನ್ನಡ ನಾಡು ಬೆರಗಾಯಿತು. ತವರಿನ ನೆನಪು, ತಾಯ್ತನ, ಅಣ್ಣತಮ್ಮಂದಿರ ಮೇಲಿನ ಪ್ರೀತಿ, ದೇವರ ಮೇಲಿನ ಭಕ್ತಿ, ಎಲ್ಲವನ್ನೂ ಮೂರು ಮೂರು ಸಾಲಿನ ತ್ರಿಪದಿಯಲ್ಲಿ ನಮ್ಮ ಅವ್ವಂದಿರು, ಆಯಿಯಂದಿರು ಕಟ್ಟಿಟ್ಟಿದ್ದರು. ಅದು ಅಲ್ಲಿ ಮೊದಲೇ ಇತ್ತು. ಯಾರಾದರೂ ಬಂದು ಕುಳಿತು ಕೇಳಬೇಕಿತ್ತು, ಅಷ್ಟೆ.

ಗೆಳೆಯರು ಆ ಹೆಂಗಸರಿಗೆ ಪಾಠ ಹೇಳಲು ಹೋಗಲಿಲ್ಲ ಎಂಬುದನ್ನು ಗಮನಿಸಿ. ಇನ್ನೂ ಒಂದು ಮಾತು: ಲಿಂಗವಂತರ ಮನೆಯ ಹುಡುಗರೂ ಮುಸಲ್ಮಾನರಾದ ಧೂಲಾಸಾಹೇಬರೂ ಒಂದೇ ಕೆಲಸಕ್ಕೆ ಒಟ್ಟಿಗೆ ಕುಳಿತಿದ್ದರು. ಬೇರೆ ಧರ್ಮದವರ ನಡುವೆಯೇ ಬೆಳೆಯುವ ನಮ್ಮ ಮಕ್ಕಳಿಗೆ ಪಾಠ ಹೇಳುವವರು ಇದನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಈಗ ನಮ್ಮ ತರಗತಿಗೆ ಬರೋಣ. ವಿಜಯಪುರ ಜಿಲ್ಲೆ 2005ರಲ್ಲಿ ರಚನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಅಲ್ಲಿ ಕಥೋಲಿಕ ಕುಟುಂಬಗಳು ವಿರಳ. ಪಾಠ ಹೇಳುವವರು ಅನೇಕ ವೇಳೆ ಮಂಗಳೂರು ಕಡೆಯಿಂದಲೋ ಬೆಂಗಳೂರು ಕಡೆಯಿಂದಲೋ ಬಂದಿರುತ್ತಾರೆ. ಅಂಥ ಒಬ್ಬ ಸಿಸ್ಟರು ಬಿತ್ತುವವನ ಸಾಮತಿಯನ್ನು ಹೇಳುತ್ತಿದ್ದಾರೆ ಎಂದುಕೊಳ್ಳಿ. ಬಿತ್ತುವವನು ಹೊರಟ, ಕೆಲವು ಬೀಜ ಕಾಲುದಾರಿಯಲ್ಲಿ ಬಿತ್ತು, ಕೆಲವು ಕಲ್ಲು ನೆಲದಲ್ಲಿ, ಕೆಲವು ಮುಳ್ಳುಗಳ ನಡುವೆ. ಆಗ ಒಬ್ಬ ಹುಡುಗ ಎದ್ದು ನಿಂತು, "ಸಿಸ್ಟರ್, ಅವಗ ಕೂರಿಗಿ ಇದ್ದಿಲ್ಲೇನ್ರೀ? ದಾರಿ ಮ್ಯಾಲ ಯಾಕ ಬೀಜ ಚೆಲ್ಲಿದಾ?" ಎಂದು ಕೇಳುತ್ತಾನೆ. ತರಗತಿಯೆಲ್ಲ ನಗುತ್ತದೆ.

ಇಲ್ಲಿ ಎರಡು ದಾರಿಗಳಿವೆ. "ಸುಮ್ಮನೆ ಕೂತ್ಕೋ, ಅಧಿಕಪ್ರಸಂಗಿ" ಎಂದು ಗದರಿಸಿ ಮುಂದಿನ ಪ್ಯಾರಾಕ್ಕೆ ಹೋಗಬಹುದು. ಆದರೆ ಆ ಹುಡುಗ ಸರಿಯಾಗಿಯೇ ಕೇಳಿದ್ದಾನೆ. ಅವನು ಎರೆ ಭೂಮಿಯ ಮಗ. ಹಿಂಗಾರಿ ಜೋಳ ಬಿತ್ತುವಾಗ ಅವನ ಅವ್ವ ಕೂರಿಗೆಯ ಬಟ್ಟಲಿಗೆ ಕಾಳು ಕಾಳಾಗಿ ಬೀಜ ಬಿಡುವುದನ್ನು ಕಂಡಿದ್ದಾನೆ. ಒಂದು ಕಾಳು ಸಾಲು ತಪ್ಪಿದರೆ ಮುತ್ಯಾ ಬೈಯುವುದನ್ನು ಕೇಳಿದ್ದಾನೆ. ಅವನಿಗೆ ಸಾಮತಿಯ ರೈತ ಹುಚ್ಚನಂತೆ ಕಂಡರೆ ಆಶ್ಚರ್ಯವೇನು? ಪ್ರಭು ಯೇಸುವಿನ ನಾಡಿನಲ್ಲಿ ಕೈಯಿಂದ ಬೀಜ ಎರಚುತ್ತಿದ್ದರು ಎಂದು ಮೊದಲು ಹೇಳಬೇಕು. ಆಮೇಲೆ ಅವನ ಪ್ರಶ್ನೆಯನ್ನೇ ಹಿಡಿದುಕೊಂಡು, "ನಿಮ್ಮ ಅಪ್ಪ ದಾರಿ ಮೇಲೆ ಬಿತ್ತುವುದಿಲ್ಲ. ದೇವರು ಮಾತ್ರ ಕಲ್ಲಿನ ಮೇಲೂ ಬಿತ್ತುತ್ತಾರೆ. ಯಾಕೆ ಇರಬಹುದು?" ಎಂದು ಕೇಳಬಹುದು. ಸಾಮತಿಯ ತಿರುಳಿಗೆ ಆ ಹುಡುಗನೇ ತರಗತಿಯನ್ನು ಕರೆದೊಯ್ದಂತಾಯಿತು. ಆದರೆ ಹೀಗೆ ಮಾಡಲು ಸಿಸ್ಟರಿಗೆ ಕೂರಿಗೆ ಎಂದರೇನೆಂದು ಗೊತ್ತಿರಬೇಕು. ಅದು ಪಾಠ ಪುಸ್ತಕದಲ್ಲಿಲ್ಲ. ಆ ಹುಡುಗನ ಮನೆಯ ಅಂಗಳದಲ್ಲಿದೆ.

ಭಾಷೆಯ ಮಾತೂ ಹೀಗೆಯೇ. ನಮ್ಮ ಪ್ರಾರ್ಥನೆಗಳ ಕನ್ನಡ ಗಂಭೀರವಾದದ್ದು, ಸುಂದರವಾದದ್ದು, ಅದು ಇರಲಿ. ಆದರೆ ಮನೆಯಲ್ಲಿ 'ಯಪ್ಪಾ', 'ಯವ್ವಾ' ಎನ್ನುವ ಮಗು ದೇವರ ಹತ್ತಿರ ಮಾತಾಡುವಾಗ ಬಾಯಿ ಕಟ್ಟಿಕೊಳ್ಳಬೇಕೇ? ಗೆತ್ಸೆಮನೆ ತೋಪಿನಲ್ಲಿ ಪ್ರಭು ಯೇಸು ತಂದೆಯನ್ನು ಕರೆದದ್ದು 'ಅಬ್ಬಾ' ಎಂದು (ಮಾರ್ಕ 14:36). ಅದು ಅವರ ಮನೆಮಾತು. ನಮ್ಮ 'ಅಪ್ಪ'ನಿಗೆ ಅದು ಇಷ್ಟು ಹತ್ತಿರವಿರುವುದು ಆಕಸ್ಮಿಕವೇ ಇರಬಹುದು. ಮಕ್ಕಳಿಗೆ ಹೇಳಿದರೆ ಮಾತ್ರ ಮುಖ ಅರಳುತ್ತದೆ.

ನಮ್ಮ ಕನ್ನಡದಲ್ಲಿ ಒಂದು ಸೊಗಸಿದೆ. 'ಕೇಳು' ಎಂಬ ಒಂದೇ ಮಾತಿಗೆ ಪ್ರಶ್ನಿಸು ಎಂದೂ ಅರ್ಥ, ಕಿವಿಗೊಡು ಎಂದೂ ಅರ್ಥ. ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಮಾಡುತ್ತಿದ್ದುದು ಈ ಎರಡನ್ನೂ (ಲೂಕ 2:46). ಆ ಬೋಧಕರನ್ನೂ ಮೆಚ್ಚಬೇಕು. ಹನ್ನೆರಡು ವರ್ಷದ ಹುಡುಗನನ್ನು ತಮ್ಮ ನಡುವೆ ಕೂರಿಸಿಕೊಂಡರಲ್ಲ! ಪುನರುತ್ಥಾನದ ದಿನ ಎಮ್ಮಾವು ದಾರಿಯಲ್ಲಿ ಅದೇ ಯೇಸು ಇಬ್ಬರು ನಿರಾಶ ಶಿಷ್ಯರ ಜೊತೆ ಹೆಜ್ಜೆ ಹಾಕಿದಾಗ ಮೊದಲು ಮಾಡಿದ್ದು ಕೇಳುವ ಕೆಲಸವನ್ನೇ. ಏನು ಮಾತಾಡುತ್ತಿದ್ದೀರಿ ಎಂದರು. ನಡೆದದ್ದೆಲ್ಲ ತಮಗೆ ಗೊತ್ತಿದ್ದರೂ ಅವರ ಬಾಯಿಂದಲೇ ಪೂರ್ತಿ ಕೇಳಿಸಿಕೊಂಡರು. ಪವಿತ್ರಗ್ರಂಥದ ವಿವರಣೆ ಬಂದದ್ದು ಆಮೇಲೆ (ಲೂಕ 24). ಯುವಜನರ ಸೇವೆಗೆ ಹೋಗುವವರು ಆ ಅಧ್ಯಾಯವನ್ನು ತಿಂಗಳಿಗೊಮ್ಮೆ ಓದಬೇಕು.

ನಮ್ಮ ನೆಲಕ್ಕೆ ಬಂದ ದೊಡ್ಡ ಬೋಧಕರು ಇದನ್ನು ಅರಿತಿದ್ದರು. 1542ರಲ್ಲಿ ಗೋವಾಕ್ಕೆ ಬಂದ ಸಂತ ಫ್ರಾನ್ಸಿಸ್ ಝೇವಿಯರ್ ಕೈಯಲ್ಲಿ ಗಂಟೆ ಹಿಡಿದು ಬೀದಿಯಲ್ಲಿ ಬಾರಿಸುತ್ತಾ ಮಕ್ಕಳನ್ನು ಕರೆಯುತ್ತಿದ್ದರು. ಧರ್ಮದ ತತ್ವಗಳನ್ನು ಹಾಡಾಗಿ ಹೇಳಿಕೊಡುತ್ತಿದ್ದರು. ಅವರ ನಂತರ 1579ರಲ್ಲಿ ಬಂದ ಇಂಗ್ಲೆಂಡಿನ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಇನ್ನೂ ಮುಂದೆ ಹೋದರು. ಹೊಸದಾಗಿ ಕ್ರೈಸ್ತರಾದವರು, ನಮ್ಮ ಹಳೆಯ ಪುರಾಣಗಳ ಜಾಗದಲ್ಲಿ ನಮಗೆ ಏನಾದರೂ ಕೊಡಿ ಎಂದು ಕೇಳಿದಾಗ ಆ ಮಾತಿಗೆ ಕಿವಿಗೊಟ್ಟು, ಮರಾಠಿಯ ಓವಿ ಛಂದಸ್ಸಿನಲ್ಲಿ ಸುಮಾರು 11,000 ಪದ್ಯಗಳ 'ಕ್ರಿಸ್ತಪುರಾಣ'ವನ್ನು ರಚಿಸಿದರು. ಅದು ಅಚ್ಚಾದದ್ದು 1616ರಲ್ಲಿ. ಹಲಸಂಗಿಯ ಗಡಿಯಾಚೆ ಮರಾಠಿ ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡುವ ಹಾಡಿಗೂ ಓವಿ ಎಂದೇ ಹೆಸರು.

ಹಾಡಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಬಾಯಿಪಾಠ ಬೇಡವೇ ಬೇಡ ಎಂದು ಈಚೆಗೆ ಕೆಲವರು ಹೇಳುತ್ತಾರೆ. ಹಾಗಲ್ಲ. ಗರತಿಯ ಹಾಡುಗಳು ತಲೆಮಾರುಗಳನ್ನು ದಾಟಿ ಬಂದದ್ದು ಬಾಯಿಪಾಠದಿಂದಲೇ. ಎರಡನೆಯ ಜಾನ್ ಪೌಲರೂ 1979ರ ತಮ್ಮ ಧರ್ಮೋಪದೇಶದ ಪತ್ರದಲ್ಲಿ ನೆನಪಿನ ಶಕ್ತಿಯನ್ನು ಕೈಬಿಡಬಾರದೆಂದು ಹೇಳಿದ್ದಾರೆ. ಆದರೆ ಆ ಹೆಂಗಸರು ತಮ್ಮ ಬಾಳಿಗೆ ಹತ್ತಿರವಾದದ್ದನ್ನು ನೆನಪಿಟ್ಟುಕೊಂಡರು. ಹತ್ತು ಆಜ್ಞೆಗಳನ್ನು ತಪ್ಪಿಲ್ಲದೆ ಒಪ್ಪಿಸಿದ ಮಗುವಿಗೆ ಬಹುಮಾನ ಕೊಡುವಾಗ, ಅದರಲ್ಲಿ ಒಂದು ಆಜ್ಞೆಯಾದರೂ ಅದರ ಮನೆಯ ಒಂದು ಸಂಗತಿಗೆ ತಾಗಿದೆಯೇ ಎಂದು ನೋಡುವುದು ಶಿಕ್ಷಕರ ಕೆಲಸ.

ದೊಡ್ಡ ಹುಡುಗರ ವಿಷಯ ಇನ್ನೂ ಸೂಕ್ಷ್ಮ. 1841ರ ಡಿಸೆಂಬರ್ 8ರಂದು ಇಟಲಿಯ ಟ್ಯೂರಿನ್ ನಗರದ ಒಂದು ದೇವಾಲಯದ ಪೂಜಾವಸ್ತ್ರದ ಕೋಣೆಗೆ ಒಬ್ಬ ಹುಡುಗ ಬಂದ. ಹೆಸರು ಬಾರ್ತಲೊಮಿಯೊ ಗರೆಲ್ಲಿ, ವಯಸ್ಸು 16, ತಂದೆತಾಯಿ ಇಲ್ಲ, ಊರು ಬಿಟ್ಟು ಗಾರೆ ಕೆಲಸಕ್ಕೆ ಬಂದವನು. ಪೂಜೆಗೆ ಸೇವೆ ಮಾಡಲು ಬಾರದೆಂದು ತಿಳಿದ ಕೂಡಲೇ ದೇವಾಲಯದ ಸೇವಕ ಅವನನ್ನು ಹೊಡೆದು ಓಡಿಸಿದ. ಅಲ್ಲಿದ್ದ ಯುವಗುರು, ಮುಂದೆ ಸಂತರಾದ ಡಾನ್ ಬೋಸ್ಕೊ, "ಅವನು ನನ್ನ ಗೆಳೆಯ, ಕರೆಯಿರಿ" ಎಂದರು. ಓದಲು ಬರುತ್ತದೆಯೇ? ಇಲ್ಲ. ಹಾಡಲು? ಇಲ್ಲ. ಸಿಳ್ಳೆ ಹೊಡೆಯಲು ಬರುತ್ತದೆಯೇ ಎಂದು ಕೇಳಿದಾಗ ಹುಡುಗ ನಕ್ಕ ಎಂದು ಸಲೇಸಿಯನ್ ಸಭೆಯವರು ಇಂದಿಗೂ ಹೇಳುತ್ತಾರೆ. ಆ ನಗುವಿನ ನಂತರ ಒಂದು 'ನಮೋ ಮರಿಯ', ಆಮೇಲೆ ಶಿಲುಬೆಯ ಗುರುತು ಹಾಕುವ ಪಾಠ. ಡಾನ್ ಬೋಸ್ಕೊರವರ ಯುವಜನ ಸೇವೆಯೆಲ್ಲ ಅಲ್ಲಿಂದ ಹೊರಟಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಎಷ್ಟು ಹುಡುಗರು ಗೋವಾ, ಪುಣೆ, ಮುಂಬೈಗಳಿಗೆ ಇದೇ ಗಾರೆ ಕೆಲಸಕ್ಕೆ ಹೋಗುತ್ತಾರೆ, ನಿಮಗೆ ಗೊತ್ತು. ವರ್ಷದಲ್ಲಿ ಎರಡು ಸಲ ಊರಿಗೆ ಬರುವ ಅಂಥ ಹುಡುಗನಿಗೆ ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಜಾಗವಿಲ್ಲ. ಅವನ ಪ್ರಶ್ನೆಗಳೂ ಪುಸ್ತಕದವಲ್ಲ. ಮಳೆಗಾಗಿ ಅಷ್ಟು ಪ್ರಾರ್ಥಿಸಿದರೂ ಯಾಕೆ ಬರಲಿಲ್ಲ? ಒಂದೇ ಮೇಜಿನಿಂದ ಪರಮಪ್ರಸಾದ ಸ್ವೀಕರಿಸುವವರ ನಡುವೆ ಜಾತಿಯ ಮಾತು ಯಾಕೆ ಬರುತ್ತದೆ? ಪ್ರೀತಿಸಿದ ಹುಡುಗಿ ನಮ್ಮ ಸಭೆಯವಳಲ್ಲದಿದ್ದರೆ? ಇವಕ್ಕೆಲ್ಲ ಸಿದ್ಧ ಉತ್ತರ ಕಲಿಸುವುದು ತರಬೇತಿಯ ಕೆಲಸವಲ್ಲ. ಗಾಬರಿಯಾಗದೆ ಕೇಳಿಸಿಕೊಳ್ಳುವುದನ್ನು, ಗೊತ್ತಿಲ್ಲದ್ದನ್ನು "ನನಗೂ ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ" ಎನ್ನುವುದನ್ನು, ಹೇಳಿದ ಮೇಲೆ ಮರೆಯದೆ ವಿಚಾರಿಸಿ ಹೇಳುವುದನ್ನು ಕಲಿಸಿದರೆ ದೊಡ್ಡ ಮಾತು.

ಧರ್ಮಸಭೆ ಈ ಸೇವೆಯನ್ನು ಎಂದೂ ಸಣ್ಣದೆಂದು ಎಣಿಸಿಲ್ಲ. ಪ್ರತಿ ಭಾನುವಾರ ಮತ್ತು ಹಬ್ಬದ ದಿನ ಒಂದು ಗಂಟೆ ಮಕ್ಕಳಿಗೆ ಧರ್ಮೋಪದೇಶ ನಡೆಯಲೇಬೇಕೆಂದು ಸಂತ ಹತ್ತನೆಯ ಪಿಯುಸ್ 1905ರಲ್ಲಿ ವಿಧಿಸಿದರು. 1967ರಲ್ಲಿ ಗುರು ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ನಮ್ಮ ಬೆಂಗಳೂರಿನಲ್ಲೇ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ವಿಧಿಯ ಕೇಂದ್ರ ಆರಂಭವಾಗಿ ದೇಶದ ನಾನಾ ಭಾಗಗಳ ಉಪದೇಶಿಗಳಿಗೆ ತರಬೇತಿ ಕೊಡುತ್ತಾ ಬಂದಿದೆ. ಪೋಪ್ ಫ್ರಾನ್ಸಿಸ್ 2021ರ ಮೇ 10ರಂದು ಉಪದೇಶಿಯ ಸೇವೆಯನ್ನು ಧರ್ಮಸಭೆಯ ಒಂದು ಅಧಿಕೃತ ಶ್ರೀಸಾಮಾನ್ಯ ಸೇವಾಪದವಿಯನ್ನಾಗಿ ಸ್ಥಾಪಿಸಿದರು. ಜೂನ್ ತಿಂಗಳ ಪ್ರಕಟಣೆಗೆ ಕೈ ಎತ್ತಿದ ಆ ಹುಡುಗಿ ಈ ಸಾಲಿಗೆ ಸೇರಿದವಳು. ಅವಳನ್ನು ಹಾಗೆ ಕಾಣುತ್ತಿದ್ದೇವೆಯೇ? ಅವಳನ್ನು ಹತ್ತು ದಿನದ ತರಬೇತಿಗೆ ಕಳಿಸಲು ಬಸ್ಸಿನ ಖರ್ಚು ಕೊಡಲು ಹಿಂದೆಮುಂದೆ ನೋಡುವ ಧರ್ಮಕೇಂದ್ರ, ಹಬ್ಬದ ದಿನ ಶಾಮಿಯಾನ ದೀಪಗಳಿಗೆ ಎಷ್ಟು ಕೊಟ್ಟಿತೆಂದು ಲೆಕ್ಕ ತೆಗೆದರೆ ಸಾಕು.

ಇನ್ನು, ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತು. ಬೀಸುವ ಕಲ್ಲು ಶುಭಸಂದೇಶದಲ್ಲೂ ಬರುತ್ತದೆ, ಆದರೆ ಅಲ್ಲಿ ಹಾಡಿಲ್ಲ. ಈ ಚಿಕ್ಕವರಲ್ಲಿ ಒಬ್ಬರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ದೂಡುವುದೇ ಅವನಿಗೆ ಮೇಲು ಎನ್ನುತ್ತಾರೆ ಪ್ರಭು (ಮತ್ತಾಯ 18:6). ನಮ್ಮ ಮನೆಯ ಚಿಕ್ಕ ಕಲ್ಲಲ್ಲ, ಕತ್ತೆ ಕಟ್ಟಿ ತಿರುಗಿಸುವಂಥ ದೊಡ್ಡ ಕಲ್ಲು. ಯೇಸುಸ್ವಾಮಿ ಇಷ್ಟು ಕಠಿಣವಾಗಿ ಮಾತಾಡಿದ್ದು ಅಪರೂಪ. ಆದ್ದರಿಂದ ಮಕ್ಕಳ ನಡುವೆ ಸೇವೆಗೆ ಬರುವವರ ತರಬೇತಿಯಲ್ಲಿ ಮಕ್ಕಳ ಸುರಕ್ಷೆಯ ಪಾಠ ಕಡ್ಡಾಯವಾಗಿರಬೇಕು, ಗುರುಗಳಿಗೂ, ಸಿಸ್ಟರುಗಳಿಗೂ, ಶ್ರೀಸಾಮಾನ್ಯರಿಗೂ. ಹೊಡೆಯುವುದು ಬೇಡ, ಅವಮಾನಿಸುವುದು ಬೇಡ. ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವುದು ಬೇಡ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯಿದೆಯ ಪ್ರಕಾರ, ಇಂಥ ಕೃತ್ಯ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು; ತಿಳಿಸದೆ ಇರುವುದೂ ಶಿಕ್ಷೆಗೆ ಗುರಿ. ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ ಹೊರಡಿಸಿದ ಶಾಸನವೂ ಗುರುಗಳು ಮತ್ತು ಸನ್ಯಾಸಿಗಳ ಮೇಲೆ ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡುವ ಹೊಣೆ ಹೊರಿಸಿದೆ. "ಧರ್ಮಕೇಂದ್ರದ ಹೆಸರು ಕೆಡುತ್ತದೆ, ಒಳಗೊಳಗೇ ಮುಗಿಸಿಬಿಡೋಣ" ಎನ್ನುವವರು ಶುಭಸಂದೇಶದ ಆ ವಾಕ್ಯವನ್ನು ಮತ್ತೆ ಓದಲಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ತರಗತಿಯ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಎಟುಕುವಷ್ಟು ಕೆಳಗೆ ಬರೆದು ಅಂಟಿಸಿ. ಕೇಳುವ ಕಿವಿ ಬೇಕೆಂದು ಇಷ್ಟು ಹೊತ್ತು ಹೇಳಿದ್ದು ಇದಕ್ಕಾಗಿಯೂ ಹೌದು. ನೊಂದ ಮಗು ತನ್ನನ್ನು ಹಿಂದೆ ಯಾವಾಗಲಾದರೂ ಕೇಳಿಸಿಕೊಂಡವರ ಹತ್ತಿರ ಮಾತ್ರ ಬಾಯಿ ಬಿಡುತ್ತದೆ.

ತಂದೆತಾಯಿಗಳೇ, ನಿಮಗೂ ಒಂದು ಮಾತು. ಸಂತ ಪೌಲ ತಿಮೊಥೇಯನಿಗೆ ಬರೆಯುವಾಗ ಅವನ ವಿಶ್ವಾಸ ಮೊದಲು ಅಜ್ಜಿ ಲೋವಿಯಲ್ಲಿ, ತಾಯಿ ಯೂನಿಕೆಯಲ್ಲಿ ನೆಲೆಸಿತ್ತೆಂದು ಆ ಇಬ್ಬರನ್ನೂ ಹೆಸರು ಹಿಡಿದು ನೆನೆಯುತ್ತಾನೆ (2 ತಿಮೊಥೇಯ 1:5). ಭಾನುವಾರದ ಒಂದು ಗಂಟೆಯನ್ನು ಉಪದೇಶಿಗೆ ಬಿಟ್ಟರೂ ಉಳಿದ ಆರು ದಿನ ನಿಮ್ಮವು. ನಿಮ್ಮ ಮನೆಯ ಆಯಿ ಜಪಸರ ಹಿಡಿದು ಗುನುಗುವ ಹಳೆಯ ಹಾಡನ್ನು ಯಾರಾದರೂ ಬರೆದಿಟ್ಟುಕೊಂಡಿದ್ದೀರಾ?

ಧರ್ಮಕೇಂದ್ರದ ಗುರುಗಳಲ್ಲಿ ನನ್ನದೊಂದು ಬಿನ್ನಹ. ಈ ಸಲ ಹೆಸರು ಕೊಟ್ಟವರಿಗೆ ಕೂಡಲೇ ಪಾಠ ಪುಸ್ತಕ ಕೊಡಬೇಡಿ. ತರಗತಿಯ ಆರಂಭವನ್ನು ಎರಡು ವಾರ ಮುಂದಕ್ಕೆ ಹಾಕಿ, ಅವರ ಕೈಗೆ ಒಂದೊಂದು ಖಾಲಿ ನೋಟು ಪುಸ್ತಕ ಕೊಡಿ. ಮೊದಲ ಭಾನುವಾರ ಇಬ್ಬಿಬ್ಬರಾಗಿ ಮಕ್ಕಳ ಮನೆಗೆ ಹೋಗಿ ಬರಲಿ. ಉಪದೇಶ ಬೇಡ, ರೊಟ್ಟಿ ಕೊಟ್ಟರೆ ತಿನ್ನಲಿ, ಮುತ್ಯಾನ ಮಾತು ಕೇಳಲಿ, ಮಗು ತೋರಿಸುವ ಮೇಕೆಮರಿಯನ್ನು ನೋಡಲಿ. ಅಪ್ಪ ಎಲ್ಲಿ ದುಡಿಯಲು ಹೋಗಿದ್ದಾನೆ, ಮನೆಯಲ್ಲಿ ಪ್ರಾರ್ಥನೆ ಯಾರು ಹೇಳುತ್ತಾರೆ, ಮಗುವನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂದು ಬರೆದುಕೊಳ್ಳಲಿ. ಎರಡನೆಯ ಭಾನುವಾರ ದೊಡ್ಡ ಹುಡುಗರ ಕಟ್ಟೆಯ ಹತ್ತಿರ. ಆ ಸಂಜೆ ಎಲ್ಲರೂ ಒಟ್ಟಿಗೆ ಕುಳಿತು, ಕೇಳಿದ್ದನ್ನು ಒಬ್ಬರಿಗೊಬ್ಬರು ಓದಿ ಹೇಳಲಿ; ಗುರುಗಳೂ ಜೊತೆಗೆ ಕುಳಿತುಕೊಳ್ಳಲಿ. ಪಾಠ ಪುಸ್ತಕವನ್ನು ಮೂರನೆಯ ಭಾನುವಾರ ಕೊಟ್ಟರೆ ಸಾಕು.